ಜಾಲಪುಟದಲ್ಲಿ ವಿಡಿಯೊ: ಪೆಟ್ಟಿಗೆ ಹಾಳಾದರೂ ಚಿತ್ರ ಉಳಿಯಬೇಕು

ಪರಸ್ಥಳಗಳಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಮಕ್ಕಳಿಗೆ ಕನ್ನಡವನ್ನು ಕಲಿಸುವ ಬಗೆ ಹೇಗೆಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಮುಂಬಯಿಯಂಥ ಊರಿನಲ್ಲಿ ಸಂಘಗಳಿವೆ, ವಾಚನಾಲಯಗಳಿವೆ, ಕೆಲವೆಡೆ ಕನ್ನಡ ಶಾಲೆಗಳೂ ಇವೆ. ಆದರೆ ನಾಗಪುರದ ಪೂರ್ವಭಾಗದ ಕಳಮನಾದಂಥ ಸ್ಥಳದಲ್ಲಿ ಈ ಅನುಕೂಲತೆಗಳನ್ನು ನಿರೀಕ್ಷಿಸುವಂತಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ವಿಶಾಲ ಪ್ರಾಂಗಣವಿರುವ ಪ್ರದೇಶವಿದು. ಕಿತ್ತಳೆಯ ಸುಗ್ಗಿಯಲ್ಲಿ ಲಾರಿಗಳ ಸಾಲು, ಮೆಣಸಿನಕಾಯಿ ಬಂದ ದಿನ ಸೀನುಗಳ ಸಾಲು! ಇಂಥ ಪೇಟೆಯ ಆಸುಪಾಸಿನಲ್ಲಿ ಹೋಟೆಲಿನ ಗಲ್ಲೆಯಲ್ಲಿಯೋ ಅಡಿಗೆಮನೆಯಲ್ಲಿಯೋ ವ್ಯಾಪಾರಿಯ ಲೆಕ್ಕದ ಮೇಜಿನ ಮುಂದೆಯೋ ದುಡಿಯುವ ನಮ್ಮ ಬಂಧುವಿಗೆ ಬಿಡುವು ದೊರೆಯುವ ಹೊತ್ತಿಗೆ ಮಗು ನಿದ್ದೆಹೋಗಿರುತ್ತದೆ. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ಕನ್ನಡ. ಅದೂ ಕಿವಿಗೆ ಬೀಳುವ ಕನ್ನಡವೇ ಹೊರತು ಕಣ್ಣಿಗೆ ಬೀಳುವ ಕನ್ನಡವಲ್ಲ.

ಈ ಕೊರತೆಯನ್ನು ನೀಗಲು ಕೆಲವರು ಜಾಲಪುಟವೊಂದನ್ನು ರಚಿಸಿ, ಅದರಲ್ಲಿ ಅಕ್ಷರಪಾಠವನ್ನೂ ಊರಿನ ಅಜ್ಜಿಯರು ಹೇಳುವ ಕಥೆಗಳನ್ನೂ ವಿಡಿಯೊ ರೂಪದಲ್ಲಿ ಸೇರಿಸುವ ಯೋಚನೆಯಲ್ಲಿದ್ದಾರೆ. ಯೋಚನೆ ಸ್ತುತ್ಯವಾದುದು. ಆದರೆ ಕೈಹಾಕುವ ಮುನ್ನ ತಿಳಿದುಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಒಂದಂತೂ ಕಳೆದ ಇಪ್ಪತ್ತು ವರ್ಷಗಳಲ್ಲಿ ಬಹಳ ಜನರಿಗೆ ನಷ್ಟವನ್ನುಂಟುಮಾಡಿದೆ.

ಮೊದಲಿಗೆ, ವಿಡಿಯೊ ಏಕೆ ಬೇಕು? ಅಚ್ಚಿನ ಅಕ್ಷರಮಾಲೆ ಸಾಲದೇ? ಸಾಲದೆಂಬುದಕ್ಕೆ ಕಳಮನಾ ಎಂಬ ಹೆಸರೇ ಒಂದು ನಿದರ್ಶನ. ಈ ಹೆಸರಿನ ನಡುವಿನ ‘ಳ’ಕಾರ ಮರಾಠಿಯಲ್ಲಿಯೂ ಉಂಟು, ಆದುದರಿಂದ ಅಲ್ಲಿ ಬೆಳೆದ ಮಗುವಿಗೆ ‘ಹಳ್ಳ’, ‘ಬೆಳ್ಳಿ’ ಎನ್ನುವುದು ಕಷ್ಟವಾಗದು. ತೊಡಕಿರುವುದು ಬೇರೆಡೆ. ಮರಾಠಿ ಅಕ್ಷರಮಾಲೆಯಲ್ಲಿ ಹ್ರಸ್ವ ಎಕಾರ, ಹ್ರಸ್ವ ಒಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ‘ಕೊಡು’ ಎಂದು ಕೇಳಿದರೆ ‘ಕೋಡು’ ಸಿಕ್ಕೀತು. ‘ಕೆರೆ’ಯಲ್ಲಿ ಈಜಬೇಕಾದ ಮಗು ‘ಕೇರೆ’ಯನ್ನು ಕಂಡು ಓಡೀತು! ಈ ಭೇದವನ್ನು ಪುಸ್ತಕ ಬರೆದು ತೋರಿಸಬಲ್ಲುದೇ ವಿನಾ ಉಚ್ಚರಿಸಿ ತೋರಿಸಲಾರದು. ಬಾಯಿ ಎಷ್ಟು ಹೊತ್ತು ತೆರೆದಿತ್ತು, ತುಟಿ ಎಷ್ಟು ಗುಂಡಗಾಯಿತು ಎಂಬುದನ್ನು ಕಣ್ಣಾರೆ ಕಂಡು, ಬೇಕೆನಿಸಿದಷ್ಟು ಸಲ ಹಿಂದಿರುಗಿಸಿ ಕೇಳುವ ಅವಕಾಶ ವಿಡಿಯೊದಲ್ಲಿದೆ.

ಕೇವಲ ವಿಡಿಯೊ ಸಾಕೆಂದಾದರೆ ಯೂಟ್ಯೂಬಿನಲ್ಲಿ ಹಾಕಿ ಸುಮ್ಮನಾಗಬಹುದು. ಆದರೆ ಮಗು ‘ಕೋಡು’ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟೊಡನೆ ವಿಡಿಯೊ ಆ ಮಾತನ್ನಾಡುವ ಕ್ಷಣಕ್ಕೇ ಹೋಗಿ ನಿಲ್ಲಬೇಕು, ಕಥೆಯ ನಡುವೆ ಪ್ರಶ್ನೆಯೊಂದು ಏಳಬೇಕು, ಉತ್ತರ ಸರಿಯಾದರೆ ಮಾತ್ರ ಕಥೆ ಮುಂದುವರಿಯಬೇಕು ಎಂದರೆ, ಚಿತ್ರ, ಧ್ವನಿ, ಅಕ್ಷರ, ಗುಂಡಿಗಳನ್ನು ಒಂದೆಡೆ ಹೆಣೆಯುವ ಬಹುಮಾಧ್ಯಮ ರಚನಾ ತಂತ್ರಾಂಶ ಬೇಕಾಗುತ್ತದೆ. ನಾಟಕದ ಭಾಷೆಯಲ್ಲಿ ಹೇಳುವುದಾದರೆ, ಅದರಲ್ಲಿ ಒಂದು ರಂಗಸ್ಥಳವಿರುತ್ತದೆ, ಪಾತ್ರಗಳಿರುತ್ತವೆ, ಯಾವ ಪಾತ್ರ ಯಾವಾಗ ಪ್ರವೇಶಿಸಬೇಕೆಂಬುದನ್ನು ಸೂಚಿಸುವ ಕಾಲರೇಖೆಯಿರುತ್ತದೆ. ವಿಡಿಯೊ ಕೂಡ ಅಲ್ಲಿ ಒಂದು ಪಾತ್ರ.

ಇಂಥ ತಂತ್ರಾಂಶಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. 1985ರಲ್ಲಿ ಅಮೆರಿಕದ ಮ್ಯಾಕ್ರೋಮೈಂಡ್ ಸಂಸ್ಥೆಯವರು ‘ವಿಡಿಯೊವರ್ಕ್ಸ್’ ಎಂಬುದನ್ನು ಹೊರತಂದರು. ಅದೇ ಮುಂದೆ ‘ಡೈರೆಕ್ಟರ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಡಕಮುದ್ರಿಕೆಗಳ ಕಾಲದಲ್ಲಿ ಅದರದೇ ರಾಜ್ಯಭಾರ. 1996ರ ಕೊನೆಯಲ್ಲಿ ಮ್ಯಾಕ್ರೋಮೀಡಿಯಾದವರು ಇನ್ನೊಂದು ಚಿಕ್ಕ ತಂತ್ರಾಂಶವನ್ನು ಕೊಂಡುಕೊಂಡು ಅದಕ್ಕೆ ‘ಫ್ಲಾಶ್’ ಎಂದು ಹೆಸರಿಟ್ಟರು. 2002ರಲ್ಲಿ ಫ್ಲಾಶ್ ತನ್ನೊಳಗೆ ವಿಡಿಯೊವನ್ನು ಸೇರಿಸಿಕೊಳ್ಳುವ ಶಕ್ತಿ ಪಡೆಯಿತು. ಆಗ ವಿಡಿಯೊ ಫ್ಲಾಶ್ ಫೈಲಿನ ಹೊಟ್ಟೆಯೊಳಗೇ ಹುದುಗಿಹೋಗುತ್ತಿತ್ತು. ದೀರ್ಘವಾದ ಚಿತ್ರವಾದರೆ ತುಟಿಗೂ ಧ್ವನಿಗೂ ಹೊಂದಿಕೆ ತಪ್ಪುತ್ತಿತ್ತು. ಮರುವರ್ಷಗಳಲ್ಲಿ ವಿಡಿಯೊವನ್ನು ಹೊರಗಿನ ಫೈಲಾಗಿಯೇ ಇಟ್ಟು ಬೇಕಾದಾಗ ಕರೆಸಿಕೊಳ್ಳುವ ಏರ್ಪಾಡಾಯಿತು. ಈ ಒಳಗು ಹೊರಗುಗಳ ಭೇದವನ್ನು ಓದುಗರು ನೆನಪಿಡಬೇಕು. ನಮ್ಮ ವಿಷಯದ ತಿರುಳೇ ಅದು. 2005ರಲ್ಲಿ ಆರಂಭವಾದ ಯೂಟ್ಯೂಬ್ ಕೂಡ ಮೊದಮೊದಲು ಫ್ಲಾಶಿನ ಆಸರೆಯಿಂದಲೇ ಚಿತ್ರಗಳನ್ನು ತೋರಿಸುತ್ತಿತ್ತು. ಆ ವರ್ಷದ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಅಡೋಬಿ ಸಂಸ್ಥೆಯಲ್ಲಿ ಲೀನವಾಯಿತು.

ಏರಿದ್ದಕ್ಕಿಂತ ಬೇಗನೆ ಇಳಿಯಿತು. 2007ರಲ್ಲಿ ಬಂದ ಐಫೋನು ಫ್ಲಾಶಿಗೆ ಬಾಗಿಲು ತೆರೆಯಲಿಲ್ಲ. 2010ರ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅದಕ್ಕೆ ಕಾರಣಗಳನ್ನು ಕೊಟ್ಟು ಬಹಿರಂಗ ಲೇಖನವನ್ನೇ ಬರೆದರು. 2012ರಲ್ಲಿ ಆಂಡ್ರಾಯ್ಡ್ ಫೋನುಗಳಿಂದಲೂ ಫ್ಲಾಶ್ ಹೊರನಡೆಯಿತು. ಡೈರೆಕ್ಟರಿನ ಮಾರಾಟ 2017ರಲ್ಲಿ ನಿಂತಿತು. ಫ್ಲಾಶ್ ಪ್ಲೇಯರಿಗೆ ಅಡೋಬಿಯವರೇ 2020ರ ಡಿಸೆಂಬರ್ 31ಕ್ಕೆ ಮಂಗಳ ಹಾಡಿ, 2021ರ ಜನವರಿ 12ರಿಂದ ಅದರಲ್ಲಿ ಯಾವ ಪುಟವೂ ನಡೆಯದಂತೆ ಬೀಗ ಹಾಕಿದರು.

ಇದರಿಂದ ನಮಗೇನು ಎಂದು ಕೇಳಬಹುದು. ನಮ್ಮ ಪರಿಚಯದ ಮನೆಯೊಂದರಲ್ಲಿ ಹಿರಿಯ ಮಗನಿಗಾಗಿ ಬೆಂಗಳೂರಿನಿಂದ ತರಿಸಿದ ಕನ್ನಡ ಕಲಿಕೆಯ ಮುದ್ರಿಕೆಯೊಂದಿದೆ. ಬಣ್ಣದ ಚಿತ್ರ, ಹಾಡು, ಕಥೆ ಹೇಳುವ ತಾಯಿಯೊಬ್ಬರ ವಿಡಿಯೊ ಎಲ್ಲವೂ ಅದರಲ್ಲಿದ್ದವು. ಹುಡುಗ ಅದನ್ನು ನೋಡಿಯೇ ಒತ್ತಕ್ಷರಗಳನ್ನು ಕಲಿತ. ಹಲವು ವರ್ಷಗಳ ಮೇಲೆ ಹುಟ್ಟಿದ ತಂಗಿಯ ಸರದಿ ಬಂದಾಗ ಆ ಮುದ್ರಿಕೆ ಮೂಕವಾಗಿತ್ತು. ಮುದ್ರಿಕೆ ಓದುವ ಯಂತ್ರವನ್ನು ಎರವಲು ತಂದದ್ದಾಯಿತು, ಫೈಲುಗಳೆಲ್ಲವೂ ನೆಟ್ಟಗಿದ್ದವು, ಆದರೆ ಪಾಠಗಳೆಲ್ಲ ಬ್ರೌಸರಿನೊಳಗಿನ ಫ್ಲಾಶಿನ ಮೂಲಕವೇ ತೆರೆಯುವಂತೆ ಕಟ್ಟಲ್ಪಟ್ಟಿದ್ದುದರಿಂದ ಬಿಳಿಯ ಪುಟವಲ್ಲದೆ ಮತ್ತೇನೂ ಕಾಣಲಿಲ್ಲ. ಮುದ್ರಿಕೆಯನ್ನು ತಯಾರಿಸಿದವರಲ್ಲಿ ವಿಚಾರಿಸಿದರೆ ಮೂಲ ವಿಡಿಯೊ ಅವರ ಬಳಿಯೂ ಇರಲಿಲ್ಲ. ತಂತ್ರಾಂಶದೊಳಗೆ ಸೇರಿಸಿದ ಮೇಲೆ ಮೂಲವನ್ನು ಅಳಿಸಿಬಿಟ್ಟಿದ್ದರಂತೆ. ಊಟ ಬಡಿಸಿದ ಮೇಲೆ ಪಾತ್ರೆಯನ್ನೇ ಒಗೆದಂತಾಯಿತು.

ಹಳೆಯ ಫ್ಲಾಶ್ ಫೈಲುಗಳನ್ನು ಇಂದಿನ ಬ್ರೌಸರಿನಲ್ಲಿಯೂ ನಡೆಸಲು ‘ರಫಲ್’ ಎಂಬ ಮುಕ್ತ ತಂತ್ರಾಂಶವೊಂದಿದೆ. 2020ರ ನವೆಂಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಅದನ್ನು ಬಳಸಿ ಅನೇಕ ಹಳೆಯ ಆಟಗಳಿಗೆ ಮರುಜೀವ ಕೊಟ್ಟಿತು. ಮನೆಯಲ್ಲಿ ಇಂಥ ಮುದ್ರಿಕೆಗಳಿರುವವರು ಎಸೆಯುವ ಮುನ್ನ ಒಮ್ಮೆ ಇದನ್ನು ಪ್ರಯತ್ನಿಸಬಹುದು. ಎಲ್ಲ ಫೈಲುಗಳೂ ನಡೆಯುತ್ತವೆಂದು ಭರವಸೆ ಕೊಡುವಂತಿಲ್ಲ.

ಈಗ ಹೊಸ ಪದ್ಧತಿಗೆ ಬರೋಣ. ಜಾಲಪುಟದ ಭಾಷೆಯಲ್ಲಿಯೇ ವಿಡಿಯೊಗೊಂದು ಸ್ಥಾನವಿರಬೇಕೆಂಬ ಸೂಚನೆಯನ್ನು 2007ರಲ್ಲಿ ಒಪೆರಾ ಸಂಸ್ಥೆಯವರು ಮುಂದಿಟ್ಟರು. ಎಚ್‌ಟಿಎಂಎಲ್-5 ಎಂಬ ಆ ಭಾಷೆಯ ಹೊಸ ಆವೃತ್ತಿಗೆ 2014ರ ಅಕ್ಟೋಬರ್ 28ರಂದು ಅಧಿಕೃತ ಮುದ್ರೆ ಬಿತ್ತು. 2015ರ ಜನವರಿಯಲ್ಲಿ ಯೂಟ್ಯೂಬೂ ಇದಕ್ಕೇ ಒಲಿಯಿತು. ಇದರಲ್ಲಿ ವಿಡಿಯೊ ಫೈಲು ಬೇರೆ, ಪುಟ ಬೇರೆ. ಪುಟ ಕೇವಲ ವಿಳಾಸವನ್ನು ಹೇಳುತ್ತದೆ, ಬ್ರೌಸರು ತಾನೇ ಚಿತ್ರವನ್ನು ತಂದು ತೋರಿಸುತ್ತದೆ. ಇಂದಿನ ರಚನಾ ತಂತ್ರಾಂಶಗಳೂ ಈ ಕ್ರಮವನ್ನೇ ಅನುಸರಿಸುತ್ತವೆ. ಫ್ಲಾಶಿನ ರಚನಾ ತಂತ್ರಾಂಶವನ್ನೇ 2016ರಲ್ಲಿ ಅಡೋಬಿಯವರು ‘ಅನಿಮೇಟ್’ ಎಂದು ಮರುನಾಮಕರಣ ಮಾಡಿದರು. ಅದರಲ್ಲಿ ವಿಡಿಯೊ ಎಂಬ ಘಟಕವನ್ನು ರಂಗಸ್ಥಳದ ಮೇಲೆ ಎಳೆದು ತಂದಿಟ್ಟು, ಫೈಲಿನ ವಿಳಾಸವನ್ನು ಬರೆದರೆ ಸಾಕು. ಆದರೆ ಒಂದು ತೊಡಕುಂಟು. ಹೀಗೆ ಇಟ್ಟ ವಿಡಿಯೊ ಬಿಡಿಸಿದ ಚಿತ್ರಗಳ ಮೇಲ್ಪದರದಲ್ಲಿ ಕೂರುತ್ತದೆ. ಅಜ್ಜಿಯ ಮುಖದ ಮೇಲೆ ಹಾರುವ ಗಿಳಿಯನ್ನು ಬಿಡಿಸಿದರೆ ಗಿಳಿ ಅಜ್ಜಿಯ ಹಿಂದೆ ಮರೆಯಾಗುತ್ತದೆ. ಗುಂಡಿಗಳನ್ನೂ ಅಕ್ಷರಗಳನ್ನೂ ವಿಡಿಯೊದ ಪಕ್ಕದಲ್ಲಿಯೋ ಕೆಳಗೋ ಇಟ್ಟುಕೊಳ್ಳುವುದು ಜಾಣತನ.

ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ನಾರ್ವೆ ದೇಶದಲ್ಲಿ 2013ರಲ್ಲಿ ಹುಟ್ಟಿದ ಎಚ್5ಪಿ ಎಂಬ ಮುಕ್ತ ಸಾಧನವಿದೆ. ವಿಡಿಯೊ ಇಂಥ ಕ್ಷಣಕ್ಕೆ ಬಂದಾಗ ಇಂಥ ಪ್ರಶ್ನೆ ಏಳಲಿ ಎಂದು ಅದರಲ್ಲಿ ಗುರುತಿಡಬಹುದು. ಅಕ್ಷರಪಾಠಕ್ಕೆ ಇಷ್ಟು ಧಾರಾಳವಾಯಿತೆಂಬುದು ನಮ್ಮ ಅಭಿಪ್ರಾಯ. ಬೆಲೆಬಾಳುವ ತಂತ್ರಾಂಶವನ್ನು ಕೊಂಡು ಅದರ ಹತ್ತರಲ್ಲೊಂದು ಪಾಲನ್ನೂ ಬಳಸದವರನ್ನು ನಾವು ಕಂಡಿದ್ದೇವೆ.

ವಿಡಿಯೊ ಫೈಲಿನ ಒಳಮರ್ಮವನ್ನು ಹೋಟೆಲಿನವರಿಗೆ ವಿವರಿಸುವುದು ಸುಲಭ. ಎಂಪಿ-4 ಎಂಬುದು ಡಬ್ಬಿಯ ಹೆಸರೇ ಹೊರತು ಒಳಗಿನ ಪದಾರ್ಥದ ಹೆಸರಲ್ಲ. ಊಟದ ಕ್ಯಾರಿಯರಿನಂತೆ ಅದರ ಒಂದು ಬಟ್ಟಲಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಮತ್ತೊಂದರಲ್ಲಿ ಯಾವುದು ಎಲ್ಲಿದೆಯೆಂಬ ಪಟ್ಟಿ. ಚಿತ್ರವನ್ನು ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಕುಗ್ಗಿಸದಿದ್ದರೆ ಗತಿಯೇನು? ಗುಮಾಸ್ತ ಬಂಧುಗಳು ಲೆಕ್ಕ ಹಾಕಿ ನೋಡಲಿ. ಅಡ್ಡಕ್ಕೆ 1280, ಉದ್ದಕ್ಕೆ 720 ಚುಕ್ಕೆಗಳ ಒಂದು ಚಿತ್ರಕ್ಕೆ 9,21,600 ಚುಕ್ಕೆಗಳು; ಚುಕ್ಕೆಯೊಂದಕ್ಕೆ 3 ಬೈಟು; ಸೆಕೆಂಡಿಗೆ 25 ಚಿತ್ರಗಳು. ಒಟ್ಟು ಒಂದೇ ಸೆಕೆಂಡಿಗೆ 6,91,20,000 ಬೈಟು, ಎಂದರೆ ಸುಮಾರು 69 ಮೆಗಾಬೈಟು. ಇದನ್ನು ಸೆಕೆಂಡಿಗೆ 1.5 ಮೆಗಾಬಿಟ್ಟಿನ ದರಕ್ಕೆ ಕುಗ್ಗಿಸಿದರೆ 1,87,500 ಬೈಟಾಗುತ್ತದೆ. ಮೂಲದ 360ರಲ್ಲೊಂದು ಪಾಲಿಗಿಂತಲೂ ಕಡಮೆ. ಇಷ್ಟಾದರೂ ಮುಖದ ಭಾವ ಸ್ಪಷ್ಟವಾಗಿ ಕಾಣುತ್ತದೆ. ಸೋಜಿಗವಲ್ಲವೇ? ಇದರ ಗುಟ್ಟು ಬಹು ಸರಳ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾದುದನ್ನು ಮಾತ್ರ ಬರೆದಿಟ್ಟುಕೊಳ್ಳುವುದು. ಅಜ್ಜಿಯ ಹಿಂದಿನ ಗೋಡೆ ಅಲ್ಲಾಡುವುದಿಲ್ಲವಾದ್ದರಿಂದ ಅದನ್ನು ಪದೇ ಪದೇ ಬರೆಯುವ ಅಗತ್ಯವಿಲ್ಲ. ಆದುದರಿಂದ ಚಿತ್ರ ತೆಗೆಯುವಾಗ ಫೋನನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲೆ ಆನಿಸಿಟ್ಟರೆ, ಅದೇ ಗಾತ್ರದ ಫೈಲಿನಲ್ಲಿ ಚಿತ್ರ ಹೆಚ್ಚು ಸ್ವಚ್ಛವಾಗಿ ಬರುತ್ತದೆ. ಈ ದರದಲ್ಲಿ ಹತ್ತು ನಿಮಿಷದ ಕಥೆಗೆ ಸುಮಾರು 112 ಮೆಗಾಬೈಟು. ಧ್ವನಿಗೆ ಇನ್ನಷ್ಟು ಸೇರುತ್ತದೆ. ಕಥೆಯನ್ನು ಎರಡು ಮೂರು ನಿಮಿಷಗಳ ತುಂಡುಗಳನ್ನಾಗಿ ಮಾಡುವುದು ಮಗುವಿನ ಸಹನೆಗೂ ತಂದೆಯ ಜೇಬಿಗೂ ಹಿತ.

ಕೋಡೆಕ್‌ಗಳ ವಿಷಯದಲ್ಲಿ ಬ್ರೌಸರುಗಳ ನಡುವೆ ಬಹುಕಾಲ ಜಗಳವಿದ್ದಿತು. ಅದರ ವಿವರ ಇಲ್ಲಿ ಅನಾವಶ್ಯಕ. 2003ರಲ್ಲಿ ಬಂದ ಎಚ್.264 ಎಂಬುದನ್ನು ಇಂದು ಹೆಚ್ಚುಕಡಮೆ ಎಲ್ಲ ಫೋನುಗಳೂ ಬ್ರೌಸರುಗಳೂ ಬಲ್ಲವು. ಆದರೆ ಹೊಸ ಫೋನುಗಳಲ್ಲಿ ಕೆಲವು ಜಾಗ ಉಳಿಸಲೆಂದು ಎಚ್‌ಇವಿಸಿ ಎಂಬ ಬೇರೆ ಕೋಡೆಕ್‌ನಲ್ಲಿ ಚಿತ್ರ ತೆಗೆಯುತ್ತವೆ. ತೆಗೆದವರ ಫೋನಿನಲ್ಲಿ ಚೆನ್ನಾಗಿ ಕಾಣುವ ಈ ವಿಡಿಯೊ, ಜಾಲಪುಟಕ್ಕೆ ಏರಿಸಿದ ಮೇಲೆ ಕೆಲವರಿಗೆ ಧ್ವನಿ ಮಾತ್ರ ಕೇಳಿ ಪರದೆ ಕಪ್ಪಾಗಿ ಉಳಿಯುವುದುಂಟು. ಕೋಡೆಕ್‌ ಬದಲಾಯಿಸಲು ‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ತಂತ್ರಾಂಶ ಸಾಕು.

ಅದೇ ತಂತ್ರಾಂಶದಲ್ಲಿ ‘ವೆಬ್ ಆಪ್ಟಿಮೈಸ್ಡ್’ ಎಂಬ ಗುರುತಿನ ಮನೆಯೊಂದಿದೆ. ಅದನ್ನು ಮರೆಯದೆ ಒತ್ತಬೇಕು. ಕಾರಣವಿಷ್ಟೇ. ನಾವು ಹೇಳಿದ ಪಟ್ಟಿಯಿದೆಯಷ್ಟೆ, ಅದು ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿರುತ್ತದೆ. ದಿನದ ವ್ಯವಹಾರ ಮುಗಿಯದೆ ಗುಮಾಸ್ತ ಮೊತ್ತ ಬರೆಯಲಾರನಲ್ಲವೇ? ಚಿತ್ರ ತೆಗೆಯುವ ಯಂತ್ರದ ಪಾಡೂ ಅದೇ. ಆದರೆ ನೋಡುವ ಬ್ರೌಸರಿಗೆ ಪಟ್ಟಿಯೇ ಮೊದಲು ಬೇಕು. ಅದು ಕೊನೆಯಲ್ಲಿದ್ದರೆ ಆರಂಭ ತಡವಾಗುತ್ತದೆ. ಕೆಲವೊಮ್ಮೆ ಇಡೀ ಫೈಲು ಇಳಿಯುವ ತನಕ ಏನೂ ಕಾಣದು. ಮೇಲಿನ ಗುರುತು ಪಟ್ಟಿಯನ್ನು ಮೊದಲಿಗೆ ತಂದಿಡುತ್ತದೆ.

ಪುಟ ತೆರೆದೊಡನೆ ವಿಡಿಯೊ ತಾನಾಗಿ ಮಾತನಾಡಲೆಂದು ಹಲವರು ಬಯಸುತ್ತಾರೆ. ಈಗ ಅದು ಸಾಗದು. 2016ರ ಸುಮಾರಿಗೆ ಐಫೋನಿನಲ್ಲಿಯೂ 2018ರ ಏಪ್ರಿಲಿನಿಂದ ಕ್ರೋಮ್ ಬ್ರೌಸರಿನಲ್ಲಿಯೂ ಬಂದ ನಿಯಮದಂತೆ, ನೋಡುವವರು ಬೆರಳಿಡದೆ ಧ್ವನಿಯುಳ್ಳ ವಿಡಿಯೊ ಸಾಮಾನ್ಯವಾಗಿ ಆರಂಭವಾಗದು. ಮೂಕವಾಗಿ ಬೇಕಾದರೆ ಓಡೀತು. ಗಿರಾಕಿ ಆರ್ಡರು ಕೊಡದೆ ಮಾಣಿ ತಿಂಡಿ ತಂದಿಡುವುದಿಲ್ಲವೆಂಬ ನ್ಯಾಯ. ನಮಗಂತೂ ಈ ನಿಯಮ ಬಹಳ ಸರಿಯೆನಿಸಿದೆ. ಆದುದರಿಂದ ‘ಕಥೆ ಕೇಳು’ ಎಂಬ ದೊಡ್ಡ ಗುಂಡಿಯೊಂದನ್ನಿಟ್ಟು, ಅಲ್ಲಿಯವರೆಗೆ ಕಾಣಲೆಂದು ಸ್ಥಿರಚಿತ್ರವೊಂದನ್ನು ಹಾಕಿದರೆ ಸಾಕು.

ಕನ್ನಡ ಅಕ್ಷರಗಳ ಬಗ್ಗೆ ಒಂದು ಮಾತು. ಹಳೆಯ ಮುದ್ರಿಕೆಗಳಲ್ಲಿ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಿಟ್ಟಿರುತ್ತಿದ್ದರು, ಇಲ್ಲವೆ ಒಂದೊಂದು ತಂತ್ರಾಂಶದ ಸ್ವಂತ ಸಂಕೇತದಲ್ಲಿ ಬರೆದಿರುತ್ತಿದ್ದರು. ಆ ಅಚ್ಚು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೀಚುಗಳಾಗುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ; ಬರೆಯುವುದೆಲ್ಲ ಅದರಲ್ಲಿಯೇ ಇರಲಿ. ವಿಡಿಯೊದ ಕೆಳಗೆ ಮೂಡುವ ಮಾತುಗಳನ್ನು ಚಿತ್ರದೊಳಗೆ ಕೊರೆಯಬಾರದು. ವೆಬ್‌ವಿಟಿಟಿ ಎಂಬ ಸಾದಾ ಪಠ್ಯದ ಫೈಲಿನಲ್ಲಿ, ಇಂಥ ಸೆಕೆಂಡಿನಿಂದ ಇಂಥ ಸೆಕೆಂಡಿಗೆ ಇಂಥ ಮಾತು ಎಂದು ಬರೆದಿಡಬೇಕು. ಖಾತೆ ಬರೆದು ರೂಢಿಯಿರುವ ಗುಮಾಸ್ತರಿಗೆ ಇದು ನೀರು ಕುಡಿದಷ್ಟು ಸುಲಭ. ಕೆಲಸ ಬೇಸರದ್ದು, ನಿಜ. ಆದರೆ ಆಡಿದ ಮಾತನ್ನು ಆಡಿದೊಡನೆ ಓದುವ ಮಗು ಅಕ್ಷರ ಕಲಿಯುವುದು ಇಲ್ಲಿಂದಲೇ. ಮೇಲೆ ಹೇಳಿದಂತೆ ‘ಕೋಡು’ ಎಂಬುದರ ಮೇಲೆ ಬೆರಳಿಟ್ಟರೆ ಅಲ್ಲಿಗೇ ಹೋಗಿ ನಿಲ್ಲುವ ಏರ್ಪಾಡಿಗೂ ಈ ಸೆಕೆಂಡುಗಳ ಪಟ್ಟಿಯೇ ಆಧಾರ.

ಯೂಟ್ಯೂಬಿನಲ್ಲಿಟ್ಟು ಅದರ ಕೊಂಡಿಯನ್ನು ಪುಟಕ್ಕೆ ಸೇರಿಸಬಾರದೇ ಎಂದರೆ, ಧಾರಾಳವಾಗಿ ಸೇರಿಸಬಹುದು. ಖರ್ಚಿಲ್ಲ, ಸಂಪರ್ಕ ದುರ್ಬಲವಾದಾಗ ಚಿತ್ರದ ದರವನ್ನು ಅವರೇ ಇಳಿಸುತ್ತಾರೆ. ಆದರೆ ಅದು ಬಾಡಿಗೆಯ ಕೋಣೆ. ಹಾಸಿಗೆ ಪಾತ್ರೆಗಳು ನಮ್ಮವಾಗಿರಬೇಕು. ಫೋನಿನಿಂದ ಬಂದ ಮೂಲ ವಿಡಿಯೊವನ್ನು ಮುಟ್ಟದೆ ಹಾಗೆಯೇ ಒಂದು ಡಿಸ್ಕಿನಲ್ಲಿಯೂ, ಅದರ ಪ್ರತಿಯನ್ನು ಬೇರೊಂದು ಮನೆಯ ಡಿಸ್ಕಿನಲ್ಲಿಯೂ ಇಡಬೇಕು. ಕುಗ್ಗಿಸಿದ ಪ್ರತಿ, ಮಾತುಗಳ ಫೈಲು, ಜಾಲಪುಟ ಇವು ಬೇರೆ ಬೇರೆ ಇರಲಿ. ನಾಳೆ ಎಚ್5ಪಿ ಹೋಗಿ ಇನ್ನೊಂದು ಬಂದರೆ ಪುಟವನ್ನು ಹೊಸದಾಗಿ ಕಟ್ಟಬಹುದು. ಕುಂದಾಪುರದ ಕಡೆಯ ಎಂಬತ್ತು ವರ್ಷದ ಅಜ್ಜಿಯನ್ನು ಮತ್ತೆ ಕುಳ್ಳಿರಿಸಿ ಅದೇ ಕಥೆಯನ್ನು ಅದೇ ನಗೆಯೊಡನೆ ಹೇಳಿಸಲು ಸಾಧ್ಯವಾದೀತೇ?

ಇವೆಲ್ಲವನ್ನೂ ಕಲಿಯುವುದೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಮುಂಬಯಿಯ ಪೊವಾಯಿಯಲ್ಲಿರುವ ಐಐಟಿಯವರು, ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಆರಂಭಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಬಳಕೆಯನ್ನು ಸುಮಾರು ಹತ್ತು ಹತ್ತು ನಿಮಿಷಗಳ ವಿಡಿಯೊಗಳಲ್ಲಿ ಹೇಳಿಕೊಟ್ಟಿದ್ದಾರೆ. ಪರದೆಯ ಮೇಲೆ ಕಾಣುವುದು ಇಂಗ್ಲಿಷಾದರೂ ವಿವರಿಸುವ ಧ್ವನಿ ನಮ್ಮ ನಮ್ಮ ಭಾಷೆಯದು, ಕನ್ನಡದಲ್ಲಿಯೂ ಪಾಠಗಳಿವೆ. ಒಂದು ಕಿಟಕಿಯಲ್ಲಿ ಪಾಠ, ಪಕ್ಕದ ಕಿಟಕಿಯಲ್ಲಿ ನಮ್ಮ ಪ್ರಯೋಗ ಎಂಬ ಕ್ರಮ ಅವರದು. ಗುರುವಿಲ್ಲದೆ, ಶುಲ್ಕವಿಲ್ಲದೆ, ರಾತ್ರಿ ಹೋಟೆಲು ಮುಚ್ಚಿದ ಮೇಲೆಯೂ ಕಲಿಯಬಹುದಾದ ವಿದ್ಯೆಯಿದು. ಮಾತೃಭಾಷೆಯ ಧ್ವನಿಯನ್ನು ವಿಡಿಯೊಗೆ ಹೊಂದಿಸುವುದಕ್ಕೆ ಅವು ತಾವೇ ಉತ್ತಮ ಮಾದರಿಯಾಗಿರುವುದು ಇನ್ನೊಂದು ಲಾಭ.

ಪುಟ ಸಿದ್ಧವಾದ ಮೇಲೆ ನಾಲ್ಕು ಜನರಿಗೆ ತೋರಿಸುವ ಮುನ್ನ ಒಂದು ಪರೀಕ್ಷೆ ಮಾಡಬೇಕು. ತಯಾರಿಸಿದವರ ಒಳ್ಳೆಯ ಫೋನಿನಲ್ಲಲ್ಲ. ಹೋಟೆಲಿನಲ್ಲಿ ಎಲ್ಲರಿಗಿಂತ ಹಳೆಯ ಫೋನು ಯಾರ ಬಳಿಯಿದೆಯೋ ಅವರಿಂದ ಅದನ್ನು ಕೇಳಿ ಪಡೆದು, ಹರಾಜಿನ ಗದ್ದಲದಲ್ಲಿ ಸಾವಿರಾರು ಫೋನುಗಳು ಒಟ್ಟಿಗೆ ಮಾತನಾಡುವ ಹೊತ್ತಿನಲ್ಲಿ, ಕಳಮನಾ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ‘ಕಥೆ ಕೇಳು’ ಎಂಬ ಗುಂಡಿಯನ್ನು ಒತ್ತಿ ನೋಡಬೇಕು. ಐದಾರು ಸೆಕೆಂಡಿನೊಳಗೆ ಅಜ್ಜಿ ಮಾತು ಆರಂಭಿಸದಿದ್ದರೆ, ದರವನ್ನು 1.5ರಿಂದ 1ಕ್ಕಿಳಿಸಿ ಮತ್ತೊಮ್ಮೆ ಕುಗ್ಗಿಸತಕ್ಕದ್ದು.